ಹುಂಚದ ಚಟ್ಟಲದೇವಿ

ಶಿವಮೊಗ್ಗೆಯಿಂದ ರಿಪ್ಪನ್‌ಪೇಟೆಯ ಮಾರ್ಗವಾಗಿ ಪಶ್ಚಿಮಾಭಿಮುಖವಾಗಿ ಹೊರಟರೆ ಸುಮಾರು ೬೦ ಕಿಲೋಮೀಟರುಗಳ ಅಂತರದಲ್ಲಿ ಹುಂಚವೆಂಬ ಗ್ರಾಮವು ದೊರೆಯುವುದು. ತೀರ್ಥಹಳ್ಳಿಯ ಕಡೆಯಿಂದ ಬರುವವರಿಗೆ ದಾರಿಯು ಇದರ ಅರ್ಧದಷ್ಟೇ. ಹಿಂದೆ ನಗರದ ತಾಲ್ಲೂಕಿನಲ್ಲಿದ್ದ ಈ ಊರು ಈಗ ಹೊಸನಗರದ ತಾಲ್ಲೂಕಿಗೆ ಸೇರಿರುವುದು. ಸುತ್ತಲೂ ಮಲೆನಾಡಿನ ಕಾಡು, ಕಣಿವೆಗಳಲ್ಲಿ ಅಡಕೆಯ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ. ಇವುಗಳ ನಡುವೆ ಒಂದು ಸಾಧಾರಣವಾದ ಪೇಟೆಬೀದಿ. ಇದು ಒಂದು ಕಾಲದಲ್ಲಿ ಸಾಂತಳಿಗೆ ಸಾಸಿರವೆಂಬ ನಾಡಿನ ರಾಜಧಾನಿಯಾಗಿದ್ದಿತೆಂದು ಮೊದಲ ನೋಟಕ್ಕೆ ಯಾರಿಗೂ ಹೊಳೆಯಲಾರದು.

ಶಾಸನಗಳಲ್ಲಿ ಈ ಊರಿನ ಹೆಸರು ಪೊಂಬುರ್ಚವೆಂದೂ ಪೊಂಬುಚ್ಚವೆಂದೂ ಇದೆ. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾದುದಕ್ಕೆ ಉದಾಹರಣೆಯನ್ನು ಹುಡುಕುವ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ: ಪೊಂಬುಚ್ಚವು ಹೊಂಬುಚ್ಚವಾಯಿತು, ಹೊಂಬುಚ್ಚವು ಜನರ ಬಾಯಲ್ಲಿ ಸವೆದು ಹುಂಚವಾಯಿತು. ಜೈನಯಾತ್ರಿಕರು ಹೊಂಬುಜವೆಂದು ಕರೆಯುವುದೂ ಇದನ್ನೇ. ಅವರೆಲ್ಲರೂ ಇಲ್ಲಿಗೆ ಬರುವುದು ಪದ್ಮಾವತೀದೇವಿಯ ದರ್ಶನಾರ್ಥವಾಗಿ. ನಮಗೂ ಆ ದರ್ಶನದ ಆಸೆಯಿದ್ದಿತು. ಅದರೊಡನೆ ಬಹುಕಾಲದಿಂದ ಮನಸ್ಸಿನಲ್ಲಿದ್ದ ಇನ್ನೊಂದು ಆಸೆಯೆಂದರೆ, ಚಟ್ಟಲದೇವಿಯೆಂಬ ರಾಜಪುತ್ರಿಯು ಇಲ್ಲಿ ಕಟ್ಟಿಸಿರುವ ಪಂಚಕೂಟ ಬಸದಿಯನ್ನು ನೋಡಬೇಕೆಂಬುದು. ಆ ಬಸದಿಯ ಹಿಂದೆ ಒಂದು ಮನೆಯ ಕಥೆಯಿದೆ. ಅದನ್ನು ಗೃಹಸ್ಥರಾದ ವಾಚಕರ ಮುಂದಿಡಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಹುಂಚವನ್ನು ಮುಟ್ಟಿದಾಗ ಹೊತ್ತು ಇಳಿಯುತ್ತಿದ್ದಿತು. ಜೈನರಲ್ಲಿ ಸೂರ್ಯಾಸ್ತಕ್ಕೆ ಮೊದಲೇ ರಾತ್ರಿಯ ಊಟವಾಗಬೇಕೆಂಬ ನಿಯಮವಿರುವುದರಿಂದ, ಗಂಟನ್ನು ಇಳಿಸಿದ ಕೂಡಲೆ ಮಠದ ಭೋಜನಶಾಲೆಗೆ ಹೋಗಬೇಕಾಯಿತು. ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಸುಮಾರು ನಾಲ್ವತ್ತೈದು ವರ್ಷದ ಹೆಂಗಸೊಬ್ಬರು ಒಂಬತ್ತು ಹತ್ತು ವರ್ಷದ ಹುಡುಗನೊಬ್ಬನನ್ನು ಕೂರಿಸಿಕೊಂಡಿದ್ದರು. ಹುಡುಗನು ತನ್ನ ತಟ್ಟೆಯ ಸಿಹಿಯನ್ನು ಅರ್ಧ ತಿಂದು, ಉಳಿದರ್ಧವನ್ನು ಏನೂ ಹೇಳದೆ ಆಕೆಯ ತಟ್ಟೆಗೆ ಹಾಕಿದನು. ಆಕೆಯೂ ಏನೂ ಹೇಳದೆ ತಿಂದರು. ಇದು ದಿನದಿನದ ಅಭ್ಯಾಸವೆಂಬುದು ನೋಡಿದರೇ ತಿಳಿಯುತ್ತಿದ್ದಿತು. ಊಟವಾದ ಬಳಿಕ ಜಗಲಿಯಲ್ಲಿ ಕುಳಿತಾಗ, ಮಗನು ಯಾವ ತರಗತಿಯಲ್ಲಿ ಓದುತ್ತಿರುವನೆಂದು ನಾವು ಕೇಳಿದೆವು.

“ಮಗ ಅಲ್ಲ ಮೇಷ್ಟ್ರೇ, ನಮ್ಮ ಅಣ್ಣನ ಮಗ. ಅಪ್ಪ ಅಮ್ಮ ಇಬ್ಬರೂ ಒಂದೇ ದಿನ ಹೋದರು, ಲಾರಿ ಅಪಘಾತದಲ್ಲಿ. ಆಗ ಇವನಿಗೆ ಆರು ವರ್ಷ,” ಎಂದರು.

ಆಕೆಯದು ಬೇರೆಯ ಕಥೆ. ಹನ್ನೊಂದು ವರ್ಷ ಗಂಡನ ಮನೆಯಲ್ಲಿ ಗೇದು, ಮಕ್ಕಳಾಗಲಿಲ್ಲವೆಂಬ ನೆವದಿಂದ ತವರಿಗೆ ಕಳುಹಿಸಲ್ಪಟ್ಟವರು. ಇನ್ನು ಯಾರನ್ನೂ ಹಚ್ಚಿಕೊಳ್ಳಬಾರದೆಂದು ಮನಸ್ಸು ಕಟ್ಟಿಕೊಂಡು ತವರಿನ ಒಂದು ಮೂಲೆಯಲ್ಲಿದ್ದಾಗ ಈ ಹುಡುಗನು ಅವರ ಪಾಲಿಗೆ ಬಂದನು. “ನಾನು ಕರೆದರೆ ಬರುತ್ತಿರಲಿಲ್ಲ. ಬಡಿಸಿದರೆ ತಟ್ಟೆ ತೆಗೆದುಕೊಂಡು ಹೋಗಿ ಕೊಟ್ಟಿಗೆಯಲ್ಲಿ ಕೂತು ಉಣ್ಣುತ್ತಿದ್ದ. ನನಗೂ ಕರೆಯುವ ಮನಸ್ಸು ಅಷ್ಟಾಗಿ ಇರಲಿಲ್ಲ ಅನ್ನಿ. ಸುಳ್ಳು ಯಾಕೆ ಹೇಳಲಿ?”

“ಮತ್ತೆ ಹೇಗೆ ಸರಿಹೋಯಿತು?”

“ಹೇಗೆ ಅಂದರೆ ಏನು ಹೇಳಲಿ? ಅಣ್ಣ ಸಾಯುವ ಮುಂಚೆ ಒಂದಿಷ್ಟು ಅಡಕೆ ಸಸಿ ನೆಟ್ಟಿದ್ದ. ಬೇಸಗೆಯಲ್ಲಿ ಒಣಗಲಿಕ್ಕೆ ಹಿಡಿಯಿತು. ನಾನು ಕೊಡ ಹೊತ್ತೆ. ಮೂರನೆಯ ದಿನ ನೋಡುತ್ತೇನೆ, ಇವನೂ ಒಂದು ಚೊಂಬು ಹಿಡಿದುಕೊಂಡು ಹಿಂದೆ ಬರುತ್ತಿದ್ದಾನೆ. ಮಾತಿಲ್ಲ ಕಥೆಯಿಲ್ಲ. ಬೇಸಗೆ ಪೂರ್ತಿ ಹೀಗೇ ಹೊತ್ತೆವು. ಮೊದಲ ಮಳೆ ಬಂದ ದಿನ ಬಾಗಿಲಲ್ಲಿ ನಿಂತು, ‘ಅತ್ತೆ, ಇನ್ನು ನೀರು ಹೊಯ್ಯುವುದು ಬೇಡ ಅಲ್ಲವಾ?’ ಅಂದ. ನನ್ನನ್ನು ಅತ್ತೆ ಅಂತ ಕರೆದದ್ದು ಅದೇ ಮೊದಲು.”

ಹುಡುಗನು ಅಷ್ಟರಲ್ಲಿ ಆಕೆಯ ಸೆರಗಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದನು. ದೇವಿಯಲ್ಲಿ ಏನು ಬೇಡಿಕೊಳ್ಳಲು ಬಂದಿರಿ ಎಂದರೆ, ಬೇಡುವುದಕ್ಕೆ ಬಂದದ್ದಲ್ಲ, ಮೂರು ವರ್ಷದ ಹಿಂದೆ ಹೊತ್ತ ಹರಕೆಯನ್ನು ಒಪ್ಪಿಸಲು ಬಂದದ್ದೆಂದು ಹೇಳಿ ಆಕೆ ಎದ್ದರು. ನಮ್ಮ ಪುರಾಣಗಳೂ ಕಥೆಗಳೂ ಮಲತಾಯಿಯ ಕ್ರೌರ್ಯವನ್ನು ಹೇಳುವಷ್ಟು ವಿಸ್ತಾರವಾಗಿ ಇಂಥ ಅತ್ತೆ ದೊಡ್ಡಮ್ಮಂದಿರ ಸಂಗತಿಯನ್ನು ಹೇಳುವುದಿಲ್ಲ. ಒಟ್ಟು ಕುಟುಂಬಗಳ ಕಾಲದಲ್ಲಿ ಪ್ರತಿಯೊಂದು ದೊಡ್ಡ ಮನೆಯಲ್ಲಿಯೂ ಇಂಥವರೊಬ್ಬರು ಇರುತ್ತಿದ್ದರು. ಅವರ ಕೈಯಲ್ಲಿ ಉಂಡು ಬೆಳೆದ ಮಕ್ಕಳು ದೊಡ್ಡವರಾಗಿ ಮನೆ ಕಟ್ಟಿಸಿದಾಗ ಬಾಗಿಲ ಮೇಲೆ ಕೆತ್ತಿಸುವ ಹೆಸರು ಮಾತ್ರ ಇನ್ನೊಬ್ಬರದು.

ಮರುದಿನ ಬೆಳಿಗ್ಗೆ ಪದ್ಮಾವತಿಯ ಗುಡಿಗೆ ಹೋದೆವು. ದೇವಿಯ ಬಲಗಡೆಯಿಂದ ಹೂವು ಬಿದ್ದರೆ ನೆನೆದ ಕಾರ್ಯವು ಕೈಗೂಡುವುದೆಂದು ಭಕ್ತರ ನಂಬಿಕೆ. ಗುಡಿಯ ಬಳಿಯ ಲಕ್ಕಿಯ ಮರವು ಎಂದಿಗೂ ಬಾಡದೆಂದೂ, ಊರಿನ ಮುತ್ತಿನ ಕೆರೆಯು ಎಂದಿಗೂ ಬತ್ತದೆಂದೂ, ಕುಮುದ್ವತಿಯ ತೀರ್ಥವು ಎಂದಿಗೂ ನಿಲ್ಲದೆಂದೂ ಇಲ್ಲಿಯವರು ಅಭಿಮಾನದಿಂದ ಹೇಳುವರು. ಶಿಕಾರಿಪುರದ ಸೀಮೆಗೆ ನೀರುಣಿಸಿ ಮುಂದೆ ತುಂಗಭದ್ರೆಯನ್ನು ಸೇರುವ ಕುಮುದ್ವತಿಯು ಹುಟ್ಟುವುದು ಹುಂಚದ ಸಮೀಪದ ಬಿಲ್ಲೇಶ್ವರದಲ್ಲಿ.

ಲಕ್ಕಿಯ ಮರಕ್ಕೆ ಸಂಬಂಧಪಟ್ಟ ಐತಿಹ್ಯವು ಪ್ರಸಿದ್ಧವಾದುದೇ. ಉತ್ತರಮಧುರೆಯ ಅರಸನಾದ ಸಹಕಾರನು ದುರ್ಮಾರ್ಗಕ್ಕೆ ಬಿದ್ದು ತನ್ನ ಮಗನಾದ ಜಿನದತ್ತನನ್ನೇ ಕೊಲ್ಲಿಸಲು ಎಣಿಸಿದನಂತೆ. ತಾಯಿಯು ಮಗನ ಕೈಯಲ್ಲಿ ಪದ್ಮಾವತಿಯ ಬಂಗಾರದ ವಿಗ್ರಹವನ್ನಿಟ್ಟು ದಕ್ಷಿಣಕ್ಕೆ ಓಡಿಸಿದಳು. ಅವನು ಓಡಿ ಓಡಿ ಬಳಲಿ ಇಲ್ಲಿಯ ಲಕ್ಕಿಯ ಮರದಡಿಯಲ್ಲಿ ಮಲಗಿದಾಗ ದೇವಿಯು ಕನಸಿನಲ್ಲಿ ಬಂದು, ಇಲ್ಲಿಯೇ ನಿಲ್ಲು, ನನ್ನ ವಿಗ್ರಹಕ್ಕೆ ಸೋಕಿಸಿದ ಕಬ್ಬಿಣವು ಹೊನ್ನಾಗುವುದು, ಅದರಿಂದ ಪಟ್ಟಣವನ್ನು ಕಟ್ಟು ಎಂದು ಅಪ್ಪಣೆ ಕೊಟ್ಟಳಂತೆ. ಮುಂದೆ ಅವನು ಅರಸನಾಗಿ ಸುಖದಲ್ಲಿರುವಾಗ ಎರಡು ಮುತ್ತುಗಳು ದೊರೆಯಲು, ಚೆನ್ನಾದುದನ್ನು ರಾಣಿಗೆ ಕೊಟ್ಟು ಊನವಾದುದನ್ನು ದೇವಿಗೆ ಕೊಟ್ಟನೆಂದೂ ದೇವಿಯು ಅದಕ್ಕಾಗಿ ಮುನಿದಳೆಂದೂ ಮುತ್ತಿನ ಕೆರೆಯ ದಂಡೆಯಲ್ಲಿ ಹೇಳುವರು. ತಂದೆಯಿಂದ ವಂಚಿತನಾದವನೇ ತನ್ನನ್ನು ಕಾಪಾಡಿದವಳಿಗೆ ವಂಚನೆ ಮಾಡಿದನೆಂಬ ಈ ಎರಡನೆಯ ಭಾಗವನ್ನು ಯಾತ್ರಿಕರು ಸಾಮಾನ್ಯವಾಗಿ ಬೇಗನೆ ದಾಟಿಬಿಡುವರು. ನಮಗೆ ಮೊದಲನೆಯದಕ್ಕಿಂತ ಇದೇ ಹೆಚ್ಚು ನಿಜವೆಂದು ತೋರಿತು.

ಪಾರ್ಶ್ವನಾಥ ಬಸದಿಯಲ್ಲಿ ಕಮಠೋಪಸರ್ಗದ ಶಿಲ್ಪಗಳಿವೆ. ಕಮಠನೂ ಮರುಭೂತಿಯೂ ಅಣ್ಣತಮ್ಮಂದಿರು. ಅಣ್ಣನು ತಮ್ಮನ ಹೆಂಡತಿಯನ್ನು ಕೆಡಿಸಿ ದೇಶಭ್ರಷ್ಟನಾದನು. ತಮ್ಮನು ಅಣ್ಣನಲ್ಲಿ ಕ್ಷಮೆ ಬೇಡಲು ಕಾಡಿಗೆ ಹೋದಾಗ ಅಣ್ಣನು ಕಲ್ಲನ್ನು ಎತ್ತಿಹಾಕಿ ಅವನನ್ನು ಕೊಂದನು. ಈ ಹಗೆಯು ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿಕೊಂಡು ಬಂದು, ಕಡೆಗೆ ಮರುಭೂತಿಯ ಜೀವವು ಪಾರ್ಶ್ವನಾಥ ತೀರ್ಥಂಕರನಾಗಿ ತಪಸ್ಸಿನಲ್ಲಿ ನಿಂತಾಗ ಕಮಠನ ಜೀವವು ಮಳೆಗಾಳಿಗಳಾಗಿ ಮೇಲೆರಗಿತು. ಆಗ ಹೆಡೆಯನ್ನು ಬಿಚ್ಚಿ ಕಾದವನು ಧರಣೇಂದ್ರ, ಛತ್ರವನ್ನು ಹಿಡಿದವಳು ಪದ್ಮಾವತಿ. ಇವರಿಬ್ಬರು ಯಾರೆಂದರೆ, ಹಿಂದೊಮ್ಮೆ ತಾಪಸನೊಬ್ಬನ ಬೆಂಕಿಯ ಕೊರಡಿನೊಳಗೆ ಸಿಕ್ಕಿ ಅರೆಬೆಂದಿದ್ದ ಹಾವಿನ ಜೋಡಿ. ಪಾರ್ಶ್ವನು ಅವುಗಳ ಅಂತ್ಯಕಾಲದಲ್ಲಿ ಮರುಕದಿಂದ ಮಂತ್ರವನ್ನು ಕೇಳಿಸಿದ್ದನು. ಇದೇ ಕಥೆಯನ್ನು ಸಂಸ್ಕೃತದಲ್ಲಿ ‘ಪಾರ್ಶ್ವನಾಥಚರಿತ’ವೆಂಬ ಕಾವ್ಯವಾಗಿ ೧೦೨೫ರಲ್ಲಿ ಬರೆದ ವಾದಿರಾಜಸೂರಿಯು, ಹುಂಚದ ಶಾಸನಗಳು ಸ್ತುತಿಸುವ ಗುರುಪರಂಪರೆಯವನೇ. ಹುಂಚದ ದೇವಿಯು ಸುಟ್ಟ ಗಾಯದಿಂದ ಹುಟ್ಟಿದವಳೆಂಬುದನ್ನು ನೆನೆದು ನೋಡಿದರೆ ಆ ಕಲ್ಲಿನ ಛತ್ರವು ಬೇರೆಯೇ ಆಗಿ ಕಾಣುವುದು.

ಇನ್ನು ಪಂಚಕೂಟ ಬಸದಿಯ ವಿಷಯ. ಮಠದಿಂದ ಸ್ವಲ್ಪ ದೂರದಲ್ಲಿ, ಜನಸಂದಣಿಯಿಲ್ಲದ ಕಡೆಯಲ್ಲಿ ಇದು ಇರುವುದು. ಒಂದೇ ಸಾಲಿನಲ್ಲಿ ಐದು ಗರ್ಭಗೃಹಗಳು, ಅವುಗಳ ಮುಂದೆ ಮಂಟಪ, ಹೊರಗೆ ಎತ್ತರವಾದ ಕಲ್ಲಿನ ಮಾನಸ್ತಂಭ. ಇದಕ್ಕೆ ಶಾಸನದಲ್ಲಿ ಊರ್ವೀತಿಲಕವೆಂದು ಹೆಸರು. ಅಂದರೆ ಭೂಮಿಯ ಹಣೆಯ ಬೊಟ್ಟು. ಶಕವರ್ಷ ೯೯೯, ಪಿಂಗಳ ಸಂವತ್ಸರ, ಎಂದರೆ ೧೦೭೭ರಲ್ಲಿ ಚಟ್ಟಲದೇವಿಯು ಇದನ್ನು ಕಟ್ಟಿಸಿದಳು. ಆ ಕಾಲದ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು ೧೯೦೪ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟದಲ್ಲಿ ಅಚ್ಚುಹಾಕಿಸಿದ ಮೇಲೆ ಈಕೆಯ ಹೆಸರು ವಿದ್ವಾಂಸರಿಗೆ ತಿಳಿದುಬಂದಿತು. ಆದರೂ ನಮ್ಮ ಮನೆಗಳಲ್ಲಿ ಅತ್ತಿಮಬ್ಬೆಯ ಹೆಸರನ್ನು ಬಲ್ಲವರು ಕೆಲವರಾದರೂ ಸಿಕ್ಕುವರು. ಚಟ್ಟಲದೇವಿಯನ್ನು ಬಲ್ಲವರು ಬಹಳ ಕಡಮೆ.

ಚಟ್ಟಲದೇವಿಯು ಗಂಗರ ಕುಲದಲ್ಲಿ ಹುಟ್ಟಿದವಳು. ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ. ಆ ಕುಲದ ರಾಜಧಾನಿಯಾಗಿದ್ದ ತಲಕಾಡು ೧೧ನೆಯ ಶತಮಾನದ ಆರಂಭದಲ್ಲಿಯೇ ಚೋಳರ ಪಾಲಾಗಿದ್ದಿತು. ಆದುದರಿಂದ ಹೆಸರು ದೊಡ್ಡದು, ನೆಲ ಸ್ವಲ್ಪ ಎಂಬಂಥ ಕಾಲದಲ್ಲಿ ಈಕೆ ಬೆಳೆದಳು. ಈಕೆಯನ್ನು ತೊಂಡೆನಾಡಿನ ಪಲ್ಲವ ಕುಲದ ಕಾಡುವೆಟ್ಟಿಗೂ, ಈಕೆಯ ತಂಗಿಯಾದ ಬೀರಲದೇವಿಯನ್ನು ಸಾಂತರರ ಅರಸನಾದ ವೀರಸಾಂತರನಿಗೂ ಕೊಟ್ಟು ಮದುವೆಯಾಯಿತು. ಅಕ್ಕನು ಗಂಡನನ್ನು ಕಳೆದುಕೊಂಡಳು. ಹೆತ್ತವರು ತೀರಿದರು. ತಂಗಿಯೂ ನಾಲ್ವರು ಗಂಡುಮಕ್ಕಳನ್ನು ಬಿಟ್ಟು ತೀರಿಕೊಂಡಳು: ತೈಲ, ಗೊಗ್ಗಿಗ, ಒಡ್ಡುಗ, ಬರ್ಮ. ಹೀಗೆ ಒಂದು ಕಡೆ ತನ್ನವರೆಂಬವರೆಲ್ಲರನ್ನೂ ಮಣ್ಣಿಗೆ ಒಪ್ಪಿಸಿದ ಹೆಂಗಸು. ಇನ್ನೊಂದು ಕಡೆ ತಾಯಿಯಿಲ್ಲದ ಮಕ್ಕಳು. ಚಟ್ಟಲದೇವಿಯು ಆ ನಾಲ್ವರನ್ನೂ ತನ್ನ ಮಕ್ಕಳೆಂದೇ ಕೈಗೆ ತೆಗೆದುಕೊಂಡಳು.

ಹೇಳುವುದಕ್ಕೆ ಇದು ಒಂದು ವಾಕ್ಯ. ಮನೆಯಲ್ಲಿ ಇದು ಎಷ್ಟು ವರ್ಷಗಳ ಕೆಲಸವೆಂಬುದನ್ನು ಬಲ್ಲವರು ಬಲ್ಲರು. ತಾಯಿಯ ಮುಖವನ್ನೇ ಹೋಲುವ, ಆದರೆ ತಾಯಿಯಲ್ಲದ ದೊಡ್ಡಮ್ಮನು ಎದುರಿಗೆ ನಿಂತಾಗ ಮಗುವಿಗೆ ಸಮಾಧಾನಕ್ಕಿಂತ ನೋವೇ ಮೊದಲು ಉಂಟಾಗುವುದು ಸಹಜ. ದೊಡ್ಡಮ್ಮನಿಗೋ ಆ ಮಕ್ಕಳ ಒಂದೊಂದು ಮುಖದಲ್ಲಿಯೂ ಸತ್ತ ತಂಗಿಯೇ ಕಾಣುವಳು. ಅದರ ಮೇಲೆ ಇದು ಅರಮನೆ. ಸಾಧಾರಣರ ಮನೆಯಲ್ಲಿ ನೆಂಟರ ಚಾಡಿಗೆ ಒಂದು ಹೊಲವೋ ತೋಟವೋ ಕಾರಣವಾದರೆ, ಅರಮನೆಯಲ್ಲಿ ಒಂದು ನಾಡೇ ಕಾರಣವಾಗುವುದು.

ಕುರುವಂಶದಲ್ಲಿ ಮಾದ್ರಿಯು ಸಾಯುವಾಗ ತನ್ನ ಅವಳಿ ಮಕ್ಕಳನ್ನು ಕುಂತಿಯ ಕೈಯಲ್ಲಿಟ್ಟಳು. ನಿನ್ನ ಮಕ್ಕಳನ್ನು ನನ್ನವರಂತೆ ನೋಡುವ ಶಕ್ತಿ ನನಗಿಲ್ಲ, ನೀನು ಅದನ್ನು ಮಾಡಬಲ್ಲೆ ಎಂದು ಸವತಿಯ ಮುಂದೆ ಒಪ್ಪಿಕೊಂಡದ್ದು ಅವಳ ದೊಡ್ಡತನ. ಕುಂತಿಯು ಆ ಮಾತನ್ನು ಹೇಗೆ ನಡೆಸಿದಳೆಂಬುದಕ್ಕೆ ಸಾಕ್ಷಿ ಬಹುಕಾಲದ ಮೇಲೆ ಯಕ್ಷನ ಕೊಳದ ದಂಡೆಯಲ್ಲಿ ದೊರೆಯುವುದು. ಬಿದ್ದಿರುವ ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುವೆನೆಂದರೆ ಧರ್ಮರಾಯನು ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳಿದನು. ಕುಂತಿಗೆ ನಾನಿದ್ದೇನೆ, ಮಾದ್ರಿಗೂ ಒಬ್ಬನು ಬೇಡವೇ ಎಂಬುದು ಅವನ ನ್ಯಾಯ. ಬೌದ್ಧರಲ್ಲಿಯೂ, ಮಾಯಾದೇವಿಯು ಹೆತ್ತ ಏಳನೆಯ ದಿನ ತೀರಿಕೊಳ್ಳಲು ಸಿದ್ಧಾರ್ಥನಿಗೆ ಹಾಲೂಡಿ ಬೆಳೆಸಿದವಳು ಅವಳ ತಂಗಿ ಪ್ರಜಾಪತಿ ಗೌತಮಿಯೆಂದು ಹೇಳುವರು. ಇವೆಲ್ಲ ಗ್ರಂಥಗಳಲ್ಲಿರುವವು. ಹುಂಚದಲ್ಲಿರುವುದು ಕಣ್ಣಿಗೆ ಕಾಣುವ ಕಲ್ಲು.

ಆ ಕಲ್ಲು ಹೇಳುವುದೇನು? ಚಟ್ಟಲದೇವಿಯು ಈ ಬಸದಿಯನ್ನು ಅರುಮುಳಿದೇವ, ಗಾವಬ್ಬರಸಿ, ಬೀರಲದೇವಿ, ರಾಜಾದಿತ್ಯದೇವ ಇವರುಗಳ ಪರೋಕ್ಷವಿನಯಕ್ಕಾಗಿ ಮಾಡಿಸಿದಳು. ಜೈನಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ಈ ಶಬ್ದವು ಬಹು ಸೊಗಸಾದುದು. ಅಕ್ಷಿ ಎಂದರೆ ಕಣ್ಣು. ಪರೋಕ್ಷವೆಂದರೆ ಕಣ್ಣಿಗೆ ಮರೆಯಾದದ್ದು. ಕಣ್ಣಿಗೆ ಮರೆಯಾದವರಲ್ಲಿ ವಿನಯದಿಂದ ನಡೆದುಕೊಳ್ಳುವುದೇ ಪರೋಕ್ಷವಿನಯ. ಇದೇ ಊರಿನಲ್ಲಿ ಆಕೆಗಿಂತ ಹಿಂದೆ ತೋಲಾಪುರುಷ ಸಾಂತರನ ಹೆಂಡತಿಯಾದ ಪಾಳಿಯಕ್ಕನು ತನ್ನ ತಾಯಿಯ ನೆನಪಿಗೆ ಒಂದು ಬಸದಿಯನ್ನು ಕಟ್ಟಿಸಿದ್ದಳು. ಆದುದರಿಂದ ಪದ್ಧತಿಯು ಹೊಸದಲ್ಲ. ಆದರೆ ಇಲ್ಲಿ ಒಂದು ವಿಶೇಷವಿರುವುದು. ಚಟ್ಟಲದೇವಿಯು ಈ ಕೆಲಸವನ್ನು ಒಬ್ಬಳೇ ಮಾಡಲಿಲ್ಲ. ತಂಗಿಯ ಎರಡನೆಯ ಮಗನಾದ ಗೊಗ್ಗಿಗನು, ನನ್ನಿಸಾಂತರನೆಂಬ ಬಿರುದಿನಿಂದ ನಾಡನ್ನು ಆಳುತ್ತಿದ್ದವನು, ಆಕೆಯೊಡನೆ ನಿಂತನು. ನನ್ನಿ ಎಂದರೆ ಸತ್ಯ. ಶ್ರೀವಿಜಯರೆಂಬ, ಒಡೆಯದೇವರೆಂದೂ ಹೆಸರುಳ್ಳ ಗುರುಗಳು ದಾರಿತೋರಿದರು. ನೆನಪಿನ ಪಟ್ಟಿಯಲ್ಲಿರುವ ಬೀರಲದೇವಿಯು ಒಬ್ಬಳಿಗೆ ತಂಗಿ, ಇನ್ನೊಬ್ಬನಿಗೆ ಹೆತ್ತ ತಾಯಿ. ದೊಡ್ಡಮ್ಮನು ಹೊಸ ತಾಯಿಯಾಗಿ ಬಂದು ಹಳೆಯ ತಾಯಿಯ ಹೆಸರನ್ನು ಮನೆಯಲ್ಲಿ ಎತ್ತದಂತೆ ಮಾಡಲಿಲ್ಲ. ಅದನ್ನು ಕಲ್ಲಿನಲ್ಲಿ ಕೆತ್ತಿಸಿದಳು. ನಮ್ಮ ಅಭಿಪ್ರಾಯದಲ್ಲಿ ಆಕೆಯನ್ನು ಆ ಮಕ್ಕಳು ನಂಬಿದ್ದಕ್ಕೆ ಮುಖ್ಯ ಕಾರಣವು ಇದೇ ಇರಬೇಕು. ಎಷ್ಟೋ ಮನೆಗಳಲ್ಲಿ ಹಿಂದಿನವಳ ಪಟವನ್ನು ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದ ದಿನವೇ ಮಕ್ಕಳ ಮನಸ್ಸಿನ ಬಾಗಿಲು ಮುಚ್ಚಿದ್ದನ್ನು ನಾವು ಪಾಠಶಾಲೆಯಲ್ಲಿ ಆ ಮಕ್ಕಳ ಮುಖ ನೋಡಿಯೇ ತಿಳಿದಿದ್ದೇವೆ.

ಸಂಸ್ಕೃತದಲ್ಲಿ ‘ಶ್ವಸ್’ ಎಂಬ ಧಾತುವಿಗೆ ಉಸಿರಾಡುವುದೆಂದು ಅರ್ಥ. ಅದರಿಂದಲೇ ನಿಶ್ವಾಸ, ಆಶ್ವಾಸ, ವಿಶ್ವಾಸ ಶಬ್ದಗಳಾಗಿವೆ. ಬಿಗಿಹಿಡಿದ ಉಸಿರನ್ನು ಸಡಿಲಬಿಟ್ಟು ನಿರ್ಭಯವಾಗಿರುವುದು ವಿಶ್ವಾಸ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ನಂಬಿಕೆಯೆಂದಷ್ಟೇ ಅರ್ಥವಿದ್ದರೆ, ನಮ್ಮ ಕನ್ನಡಿಗರು ಅದಕ್ಕೆ ಪ್ರೀತಿಯೆಂಬ ಅರ್ಥವನ್ನೂ ಸೇರಿಸಿರುವರು. ‘ಅವರಿಗೆ ನಮ್ಮಲ್ಲಿ ಬಹಳ ವಿಶ್ವಾಸ’ ಎಂದರೆ ಎರಡೂ ಆಯಿತು. ಶಬ್ದವನ್ನು ಸಾಲ ತಂದವರು ಬಡ್ಡಿಯೊಡನೆ ಬೆಳೆಸಿದ್ದಕ್ಕೆ ಇದೊಂದು ನಿದರ್ಶನ.

ಊರ್ವೀತಿಲಕವೆಂಬ ಹೆಸರಿನ ವಿಷಯದಲ್ಲಿಯೂ ಒಂದು ಮಾತು ಹೇಳಬೇಕೆನಿಸುವುದು. ಪತಿಯನ್ನಳಿದ ಹೆಂಗಸು ಭೂಮಿಗೆ ತಿಲಕವನ್ನಿಟ್ಟಳೆಂಬ ಧ್ವನಿಯು ಶಾಸನಕವಿಯ ಮನಸ್ಸಿನಲ್ಲಿದ್ದಿತೋ, ಅಥವಾ ಬಸದಿಗಳಿಗೆ ಇಂಥ ಹೆಸರಿಡುವ ರೂಢಿಯಷ್ಟೇ ಅದಕ್ಕೆ ಕಾರಣವೋ, ಮಾನಸ್ತಂಭದ ನೆರಳಿನಲ್ಲಿ ಕುಳಿತ ನಮಗೆ ಮೊದಲನೆಯದೇ ಇರಲೆಂದು ಆಸೆಯಾಯಿತು.

ಬಸದಿಯೊಂದನ್ನೇ ಕಟ್ಟಿಸಿ ಆಕೆ ಸುಮ್ಮನಾಗಲಿಲ್ಲ. ಕೆರೆ, ಬಾವಿ, ಅರವಟ್ಟಿಗೆ, ಸತ್ರ, ತೋಪುಗಳನ್ನು ಮಾಡಿಸಿದಳು. ಅನ್ನದಾನ ಮೊದಲಾದುವನ್ನು ನಡೆಸಿದಳು. ಪಟ್ಟಿಯನ್ನು ನೋಡಿದರೆ, ಹೆಚ್ಚು ಕಡಮೆ ಎಲ್ಲವೂ ನೀರು, ನೆರಳು, ಅನ್ನಗಳಿಗೆ ಸಂಬಂಧಪಟ್ಟವೇ. ಮನೆಯಲ್ಲಿ ನಾಲ್ವರಿಗೆ ಬಡಿಸುತ್ತ ಬಂದ ಕೈಯು ಊರಿಗೂ ಬಡಿಸಿತೆಂದು ಹೇಳಬಹುದು. ನಾಲ್ವರು ಮಕ್ಕಳಲ್ಲಿ ಹಿರಿಯನಾದ ತೈಲನು ಭುಜಬಲಸಾಂತರನೆಂದೂ, ಗೊಗ್ಗಿಗನು ನನ್ನಿಸಾಂತರನೆಂದೂ, ಒಡ್ಡುಗನು ವಿಕ್ರಮಸಾಂತರನೆಂದೂ ಖ್ಯಾತರಾದರು.

ನಾವು ಬಸದಿಯಲ್ಲಿದ್ದಷ್ಟು ಹೊತ್ತೂ ಅಲ್ಲಿಗೆ ಬಂದವರು ಐದಾರು ಮಂದಿ ಮಾತ್ರ. ಪ್ರತಿಮೆಗಳಿಗೆ ಕೈಮುಗಿದು, ಮಾನಸ್ತಂಭವನ್ನು ಒಂದು ಸುತ್ತು ಬಂದು ಹೊರಟುಹೋದರು. ಹುಂಚಕ್ಕೆ ಹೋಗುವ ವಾಚಕರು ಪದ್ಮಾವತಿಯ ದರ್ಶನವಾದೊಡನೆ ಬಸ್ಸಿನ ವೇಳೆಯನ್ನು ನೋಡಿಕೊಂಡು ಓಡದೆ ಇಲ್ಲಿಗೂ ಒಂದು ಗಳಿಗೆ ಬರಬೇಕು. ಮನೆಯ ಹಿರಿಯ ಹೆಂಗಸರನ್ನು, ಅದರಲ್ಲಿಯೂ ಇನ್ನೊಬ್ಬರ ಮಕ್ಕಳನ್ನು ಸಾಕಿದವರನ್ನು, ಕರೆತಂದರೆ ಇನ್ನೂ ಒಳ್ಳೆಯದು. ನೆಲವು ಸಮವಾಗಿರುವುದರಿಂದ ವೃದ್ಧರಿಗೂ ಕಷ್ಟವಿಲ್ಲ.

೧೧೦೩ರಲ್ಲಿ ಚಟ್ಟಲದೇವಿಯ ಹೆಸರು ಇನ್ನೊಂದು ಶಾಸನದಲ್ಲಿ ಮತ್ತೆ ಬರುವುದು. ಊರ್ವೀತಿಲಕವು ಆಗಿ ೨೬ ವರ್ಷಗಳಾಗಿದ್ದವು. ಆಕೆಗೆ ಬಹಳ ವಯಸ್ಸಾಗಿದ್ದಿರಬೇಕು. ಈ ಸಾರಿ ಜೊತೆಗಿರುವವನು ತ್ರಿಭುವನಮಲ್ಲ ಸಾಂತರ. ಇಬ್ಬರೂ ಸೇರಿ, ಪಂಚಬಸದಿಯ ಎದುರಿಗೆ ಇನ್ನೊಂದು ಬಸದಿಗೆ, ವಾದಿಘರಟ್ಟನೆಂಬ ಬಿರುದಿನ ಅಜಿತಸೇನ ಪಂಡಿತದೇವರ ಹೆಸರಿನಲ್ಲಿ, ಅಡಿಗಲ್ಲನ್ನಿಟ್ಟರು. ಯಾರ ನೆನಪಿಗೆಂದರೆ, ಬೀರಬ್ಬರಸಿಯ ನೆನಪಿಗೆ. ತಂಗಿಯನ್ನು ಆಕೆ ಆಗಲೂ ಮರೆತಿರಲಿಲ್ಲ, ಆ ಮನೆಯವರನ್ನು ಮರೆಯಲೂ ಬಿಟ್ಟಿರಲಿಲ್ಲ. ಮುಂದೆ ೧೧೪೭ರಲ್ಲಿ ಅದೇ ಮನೆತನದ ಪಂಪಾದೇವಿಯೆಂಬ ವಿದುಷಿಯೂ ಅವಳ ಸೋದರನೂ ಊರ್ವೀತಿಲಕಕ್ಕೆ ಉತ್ತರದ ಪಟ್ಟಶಾಲೆಯನ್ನು ಕಟ್ಟಿಸಿದರು.